ದಾಸವಾಳ ಕೆಂಪು ಮುದ್ದೆ, ಮಲ್ಲಿಗೆ ಬೂದು: ಮನೆಯೊಳಗೆ ಹೂವಿನ ಫೋಟೋ

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ. ಅಂಗಳದ ಹೂಗಳನ್ನು ಕೊಯ್ದು ತಂದು, ಒಳಗೆ ಮೇಜಿನ ಮೇಲಿಟ್ಟು ಫೋಟೋ ತೆಗೆಯುವ ಹುಚ್ಚು ಒಂದು ವರ್ಷದಿಂದ ಹತ್ತಿಕೊಂಡಿದೆ. ನನ್ನ ಹತ್ತಿರ 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ (ಮಧ್ಯಮ ಗಾತ್ರದ ಸೆನ್ಸರಿನ) ಮಿರರ್‌ಲೆಸ್ ಕ್ಯಾಮೆರಾ, ಅದರ ಜೊತೆ ಬಂದ 18-55 ಮಿ.ಮೀ. ಲೆನ್ಸ್, ಟ್ರೈಪಾಡ್, 10 ಇಂಚಿನ ರಿಂಗ್ ಲೈಟ್ ಇವೆ. ಜೊತೆಗೇ ಬಂದ 55-250 ಲೆನ್ಸ್ ಪೆಟ್ಟಿಗೆಯಲ್ಲೇ ಇದೆ, ದೂರದ ಹಕ್ಕಿಗಳಿಗೆ ಅಂತ ಇಟ್ಟಿದ್ದೇನೆ. ಕಿಟಕಿ ಪಕ್ಕದ ಮೇಜಿನ ಮೇಲೆ, ಟ್ಯೂಬ್‌ಲೈಟ್ ಮತ್ತು ರಿಂಗ್ ಲೈಟ್ ಎರಡನ್ನೂ ಹಾಕಿಕೊಂಡು ತೆಗೆಯುತ್ತೇನೆ. ಕೆಂಪು ದಾಸವಾಳ ನರವೂ ಇಲ್ಲದ, ಮಡಿಕೆಯೂ ಇಲ್ಲದ ಬಣ್ಣದ ಮುದ್ದೆಯಾಗಿ ಬರುತ್ತದೆ. ದುಂಡುಮಲ್ಲಿಗೆಯನ್ನು ಬಿಳಿ ಹಾಳೆಯ ಮೇಲಿಟ್ಟರೆ ಬೂದು, ಕಪ್ಪು ಬಟ್ಟೆಯ ಮೇಲಿಟ್ಟರೆ ಸುಣ್ಣ ಬಳಿದ ಹಾಗೆ. ಆ ಕಪ್ಪು ಬಟ್ಟೆಯೂ ಫೋಟೋದಲ್ಲಿ ಕಪ್ಪಾಗಿರುವುದಿಲ್ಲ. ಕೇಸರ ಸ್ಪಷ್ಟವಾದರೆ ದಳ ಮಸುಕು, ದಳ ಸ್ಪಷ್ಟವಾದರೆ ಕೇಸರ ಮಸುಕು. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಇಲ್ಲದೆ ಆಗುವುದಿಲ್ಲ, ಇನ್ನೂ ಎರಡು ಲೈಟ್ ಬೇಕು ಎಂದು ಗೊತ್ತಿದ್ದವರು ಹೇಳುತ್ತಾರೆ. ಸುಮಾರು 40 ಸಾವಿರ ಖರ್ಚು ಮಾಡುವ ಮೊದಲು ಕೇಳೋಣ ಅನ್ನಿಸಿತು.

ಉತ್ತರ: ಖರ್ಚು ಮಾಡುವ ಮೊದಲು ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ನಾಲ್ಕು ದೂರುಗಳಲ್ಲಿ ಲೆನ್ಸಿಗೆ ಸಂಬಂಧಪಟ್ಟದ್ದು ಕೊನೆಯದೊಂದೇ, ಅದೂ ಅರ್ಧ ಮಾತ್ರ. ಉಳಿದ ಮೂರಕ್ಕೆ ಕಾರಣ ಬೆಳಕು ಮತ್ತು ಆ ಬೆಳಕನ್ನು ಅಳೆಯುವ ಕ್ಯಾಮೆರಾದ ಮೀಟರು. ಅಲ್ಲಿಯೂ ಬೆಳಕು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಸರಿಯಾಗಿ ಹೇಳಬೇಕೆಂದರೆ ಬೆಳಕಿನ ಮೂಲಗಳು ಹೆಚ್ಚಾಗಿವೆ.

ನಿಮ್ಮ ಮೇಜಿನ ಮೇಲೆ ಈಗ ಮೂರು ಬಣ್ಣದ ಬೆಳಕು ಬೀಳುತ್ತಿದೆ. ಕಿಟಕಿಯದು ಒಂದು, ಟ್ಯೂಬ್‌ಲೈಟಿನದು ಇನ್ನೊಂದು, ರಿಂಗ್ ಲೈಟಿನದು ಮತ್ತೊಂದು. ಗೋಡೆಗೆ ಗಿಳಿಹಸಿರೋ ಕೇಸರಿಯೋ ಬಳಿಸಿದ್ದರೆ ಅದು ನಾಲ್ಕನೆಯದು. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಒಂದು ಹೊತ್ತಿಗೆ ಒಂದು ಬಣ್ಣವನ್ನಷ್ಟೇ ಸರಿಮಾಡಬಲ್ಲದು. ಒಂದನ್ನು ಸರಿಮಾಡಿದರೆ ಉಳಿದವು ದಳದ ಅಂಚಿನಲ್ಲಿ ಹಳದಿಯಾಗಿಯೋ ನೀಲಿಯಾಗಿಯೋ ಉಳಿಯುತ್ತವೆ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ತೊಳೆಯುವುದು ಬಹಳ ಕಷ್ಟ. ಹಾಗಾಗಿ ಮೊದಲ ಕೆಲಸ ಟ್ಯೂಬ್‌ಲೈಟ್ ಆರಿಸುವುದು, ಎರಡನೆಯದು ರಿಂಗ್ ಲೈಟ್ ಆರಿಸುವುದು. ರಿಂಗ್ ಲೈಟ್ ಮುಖಕ್ಕೆ ಮಾಡಿದ ಸಾಧನ. ಕ್ಯಾಮೆರಾದ ದಿಕ್ಕಿನಿಂದಲೇ ನೇರವಾಗಿ ಬೀಳುವ ಅದರ ಬೆಳಕು ನೆರಳನ್ನೆಲ್ಲ ಅಳಿಸಿಹಾಕುತ್ತದೆ. ಮುಖದ ಮೇಲಿನ ಕಲೆ ಮುಚ್ಚಲು ಅದು ಒಳ್ಳೆಯದು. ಆದರೆ ಹೂವಿನ ದಳದ ನರ, ಮಡಿಕೆಗಳು ಕಾಣುವುದೇ ಆ ಸಣ್ಣ ನೆರಳುಗಳಿಂದ. ಮೇಲಾಗಿ ದಳದ ಮೇಲೆ ನೀರಿನ ಹನಿ ಇದ್ದರೆ ಪ್ರತಿ ಹನಿಯಲ್ಲೂ ಒಂದೊಂದು ಬಳೆ ಕಾಣುತ್ತದೆ.

ಉಳಿಯುವುದು ಕಿಟಕಿ. ಅದು ಪಕ್ಕದಿಂದ, ಸ್ವಲ್ಪ ಹಿಂದಿನಿಂದ ಬರುವಂತೆ ಹೂವನ್ನು ಇಡಿ. ಕಿಟಕಿಯಿಂದ ಹೂವಿಗೆ ಎರಡರಿಂದ ಮೂರು ಅಡಿ ದೂರ ಸಾಕು. ಬಿಸಿಲು ನೇರವಾಗಿ ಬೀಳುತ್ತಿದ್ದರೆ ತೊಳೆದ ಬಿಳಿ ಪಂಚೆಯನ್ನೋ ಟ್ರೇಸಿಂಗ್ ಪೇಪರನ್ನೋ ಕಿಟಕಿಗೆ ಅಡ್ಡ ಕಟ್ಟಿ. ಬಟರ್ ಪೇಪರ್ ಕೂಡ ನಡೆಯುತ್ತದೆ, ಆದರೆ ಕೆಲವು ಸುರುಳಿಗಳು ತುಸು ಹಳದಿ ಇರುತ್ತವೆ. ಹೂವಿನ ಇನ್ನೊಂದು ಪಕ್ಕ, ಒಂದು ಅಡಿ ದೂರದಲ್ಲಿ, ಥರ್ಮಾಕೋಲ್ ಹಾಳೆ ನಿಲ್ಲಿಸಿ. ನೆರಳಿನ ಭಾಗಕ್ಕೆ ಅದು ಬೆಳಕನ್ನು ಹಿಂತಿರುಗಿಸುತ್ತದೆ. ಹಾಳೆಯನ್ನು ಹತ್ತಿರ, ದೂರ ಸರಿಸಿ ನೋಡಿ, ನೆರಳು ಎಷ್ಟು ಗಾಢವಿರಬೇಕೆಂಬುದು ನಿಮ್ಮ ಕೈಯಲ್ಲಿರುತ್ತದೆ.

ಉತ್ತರ ದಿಕ್ಕಿನ ಕಿಟಕಿಯೇ ಶ್ರೇಷ್ಠ, ಅಲ್ಲಿ ಬಿಸಿಲೇ ಬರುವುದಿಲ್ಲ ಎಂದು ಓದಿರುತ್ತೀರಿ. ಅದು ಯುರೋಪಿನವರ ಮಾತು. ನಮ್ಮಲ್ಲಿ ಸೂರ್ಯ ವರ್ಷದಲ್ಲಿ ಕೆಲವು ತಿಂಗಳು ನೆತ್ತಿಗಿಂತ ಉತ್ತರಕ್ಕೆ ಹೋಗುತ್ತಾನೆ. ಬೆಂಗಳೂರಿನಲ್ಲಿ ಸುಮಾರು ಏಪ್ರಿಲ್ 24ರಿಂದ ಆಗಸ್ಟ್ 18ರವರೆಗೆ, ದಾವಣಗೆರೆಯಲ್ಲಿ ಅದಕ್ಕಿಂತ ಕೆಲವು ದಿನ ಕಡಿಮೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೂ ಬಿಸಿಲು ಇಣುಕುತ್ತದೆ, ಪಂಚೆ ಬೇಕೇ ಬೇಕು. ಮಳೆಗಾಲದ ಮೋಡದ ದಿನಗಳಲ್ಲಿ ಯಾವ ದಿಕ್ಕಿನ ಕಿಟಕಿಯೂ ಸರಿಯೇ.

ಇನ್ನು ದಾಸವಾಳ. ಇದು ಕ್ಯಾಮೆರಾದ ದೋಷವಲ್ಲ, ನಿಮ್ಮ ಕೈಯ ದೋಷವೂ ಅಲ್ಲ. ಕಡುಗೆಂಪು ಹೂವು ಡಿಜಿಟಲ್ ಕ್ಯಾಮೆರಾಗೆ ನಿಜಕ್ಕೂ ಕಷ್ಟದ ವಸ್ತು. ಬಹುಪಾಲು ಕ್ಯಾಮೆರಾಗಳಲ್ಲಿ ಬೆಳಕನ್ನು ಹಿಡಿಯುವ ಸೆನ್ಸರಿನ ಅರ್ಧ ಚುಕ್ಕಿಗಳು ಹಸಿರನ್ನು ನೋಡುತ್ತವೆ, ಕಾಲುಭಾಗ ಕೆಂಪನ್ನು, ಕಾಲುಭಾಗ ನೀಲಿಯನ್ನು. ದಾಸವಾಳದ ದಳ ಹಸಿರು ಮತ್ತು ನೀಲಿ ಬೆಳಕನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. ದಳದ ನರ, ಸುಕ್ಕುಗಳ ಮಾಹಿತಿಯೆಲ್ಲ ಆ ಕಾಲುಭಾಗದ ಕೆಂಪು ಚುಕ್ಕಿಗಳ ಹೆಗಲ ಮೇಲೆ ಬೀಳುತ್ತದೆ. ಅವು ತುಂಬಿ ಚೆಲ್ಲಿದವೆಂದರೆ ಇಡೀ ದಳ ಒಂದೇ ಸಂಖ್ಯೆ, ಒಂದೇ ಬಣ್ಣ. ನಿಮಗೆ ಕಾಣುವ ಮುದ್ದೆ ಅದು.

ಅವು ಯಾಕೆ ಚೆಲ್ಲುತ್ತವೆ? ಮೀಟರು ಒಟ್ಟು ಹೊಳಪನ್ನು ಅಳೆಯುವಾಗ ಹಸಿರಿಗೆ ಹೆಚ್ಚು ತೂಕ ಕೊಡುತ್ತದೆ. ಕೆಂಪು ಹೂವು ಅದಕ್ಕೆ ಕತ್ತಲೆಯಾಗಿ ಕಾಣುತ್ತದೆ, ಬೆಳಕು ಹೆಚ್ಚಿಸುತ್ತದೆ. ಕ್ಯಾಮೆರಾದ ತೆರೆಯ ಮೇಲಿನ ಬಿಳಿ ಹಿಸ್ಟೋಗ್ರಾಂ (ಎಡದಲ್ಲಿ ಕತ್ತಲು, ಬಲದಲ್ಲಿ ಬೆಳಕು ತೋರಿಸುವ ನಕ್ಷೆ) ಕೂಡ ಎಲ್ಲ ಸರಿಯಿದೆ ಎಂದೇ ತೋರಿಸುತ್ತದೆ, ಏಕೆಂದರೆ ಅದೂ ಒಟ್ಟು ಹೊಳಪಿನದ್ದು. ನೀವು ನೋಡಬೇಕಾದ್ದು ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಂ, ಅದರಲ್ಲೂ ಕೆಂಪು ಗೆರೆ. ತೆಗೆದ ಫೋಟೋ ನೋಡುವಾಗ ಡಿಸ್‌ಪ್ಲೇ ಅಥವಾ ಇನ್ಫೋ ಬಟನ್ ಒತ್ತುತ್ತಾ ಹೋದರೆ ಸಾಮಾನ್ಯವಾಗಿ ಸಿಗುತ್ತದೆ. ಕೆಂಪು ಗೆರೆ ಬಲಗಡೆಯ ಗೋಡೆಗೆ ಒರಗಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರು ಹೇಳಿದ ಬೆಳಕನ್ನು ಹೆಚ್ಚು ಕಡಿಮೆ ಮಾಡುವ ಸೆಟ್ಟಿಂಗ್) ಅನ್ನು ಮೈನಸ್ 0.7ರಿಂದ ಆರಂಭಿಸಿ ಮೈನಸ್ 1.3ರವರೆಗೆ ಇಳಿಸಿ, ಗೆರೆ ಗೋಡೆ ಬಿಡುವ ತನಕ.

ಜೊತೆಗೆ ಇನ್ನು ಮೂರು ಬದಲಾವಣೆ ಬೇಕು. ಬಣ್ಣದ ಗಾಢತೆ ನಿರ್ಧರಿಸುವ ಪಿಕ್ಚರ್ ಸ್ಟೈಲ್ 'ವಿವಿಡ್' ಇದ್ದರೆ ತೆಗೆದು 'ನ್ಯೂಟ್ರಲ್' ಮಾಡಿ. ಹಿಸ್ಟೋಗ್ರಾಂ ಲೆಕ್ಕವಾಗುವುದು ಆ ಸ್ಟೈಲ್ ಹಾಕಿದ ಚಿತ್ರದ ಮೇಲೆಯೇ, ಹಾಗಾಗಿ ರಾ ಫೈಲ್ (ಕ್ಯಾಮೆರಾ ತಿದ್ದದ ಕಚ್ಚಾ ಚಿತ್ರ) ತೆಗೆಯುವವರಿಗೂ ಇದು ಮುಖ್ಯ. ವೈಟ್ ಬ್ಯಾಲೆನ್ಸ್ 'ಕ್ಲೌಡಿ'ಯಲ್ಲಿ ಇಡಬೇಡಿ, ಅದು ಕೆಂಪನ್ನೇ ಇನ್ನಷ್ಟು ಎತ್ತುತ್ತದೆ. 'ಡೇಲೈಟ್' ಇರಲಿ, ಇಲ್ಲವೇ ಬೂದು ಕಾರ್ಡ್ ಇಟ್ಟು ಅಳೆದುಕೊಳ್ಳಿ. ಕೊನೆಯದು, ರಾ ಫೈಲ್ ತೆಗೆಯಿರಿ. ಮೊಬೈಲು, ಇಂಟರ್ನೆಟ್ಟಿನಲ್ಲಿ ಬಳಕೆಯಲ್ಲಿರುವ ಎಸ್‌ಆರ್‌ಜಿಬಿ ಬಣ್ಣದ ಪೆಟ್ಟಿಗೆ ದಾಸವಾಳದ ಕೆಂಪಿಗೆ ಚಿಕ್ಕದು. ಜೆಪೆಗ್‌ನಲ್ಲಿ ಆ ಪೆಟ್ಟಿಗೆಗೆ ಕೆಂಪನ್ನು ತುರುಕುವ ಕೆಲಸವನ್ನು ಕ್ಯಾಮೆರಾ ತನಗೆ ತೋಚಿದಂತೆ ಮಾಡಿಬಿಡುತ್ತದೆ. ರಾ ಇದ್ದರೆ ನೀವೇ ನಿಧಾನವಾಗಿ ಮಾಡಬಹುದು: ಕೆಂಪಿನ ಸ್ಯಾಚುರೇಶನ್ (ಗಾಢತೆ) 10ರಿಂದ 20ರಷ್ಟು ಇಳಿಸಿ, ಕೆಂಪಿನ ಹೊಳಪನ್ನು ತುಸು ತಗ್ಗಿಸಿದರೆ ಕಳೆದುಹೋದ ನರಗಳು ಮೂಡಿಬರುತ್ತವೆ. ರಾ ಫೈಲ್ ತಿದ್ದುವ ತಂತ್ರಾಂಶಗಳಾದ ಡಾರ್ಕ್‌ಟೇಬಲ್, ರಾಥೆರಪಿ ಎರಡೂ ಉಚಿತ. ಬಣ್ಣ ಇಳಿಸಿದರೆ ಹೂವು ಸಪ್ಪೆಯಾಗುವುದಿಲ್ಲವೇ ಎಂಬ ಭಯ ಬೇಡ. ಮಡಿಕೆ ಕಂಡ ಮೇಲೆ ಕಣ್ಣಿಗೆ ಕೆಂಪು ಹೆಚ್ಚೇ ಅನ್ನಿಸುತ್ತದೆ.

ಮಲ್ಲಿಗೆಯ ಬೂದು ಮತ್ತು ಸುಣ್ಣ ಎರಡೂ ಒಂದೇ ಕಾಯಿಲೆ. ಮೀಟರು ತನ್ನೆದುರು ಏನಿಟ್ಟರೂ ಅದನ್ನು ನಡುಮಟ್ಟದ ಬೂದಾಗಿಸಲು ನೋಡುತ್ತದೆ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಬೆಳಕು ಕಡಿಮೆ ಮಾಡುತ್ತದೆ, ತುಂಬ ಕಪ್ಪಿದ್ದರೆ ಹೆಚ್ಚಿಸುತ್ತದೆ. ಬಿಳಿ ಹಾಳೆಗೆ ಪ್ಲಸ್ 1ರಿಂದ 1.7, ಕಪ್ಪು ಬಟ್ಟೆಗೆ ಮೈನಸ್ 1ರಿಂದ 2 ಎಂದು ನೆನಪಿಟ್ಟುಕೊಳ್ಳಬಹುದು. ಆದರೆ ಮನೆಯೊಳಗೆ, ಬೆಳಕು ಅಲುಗದೆ ನಿಂತಿರುವಾಗ, ಎಲ್ಲವನ್ನೂ ನೀವೇ ಹೊಂದಿಸುವ ಮ್ಯಾನ್ಯುಯಲ್ ಮೋಡ್ ಇದಕ್ಕಿಂತ ಸುಲಭ. ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 100, ಅಪರ್ಚರ್ (ಲೆನ್ಸಿನ ಕಿಂಡಿ, ಅಂಕಿ ಹೆಚ್ಚಿದಷ್ಟೂ ಸಣ್ಣದು) ಎಫ್ 11 ಇಟ್ಟು, ಡಯಲ್ ತಿರುಗಿಸಿ ಶಟರನ್ನು ಒಂದೊಂದೇ ಹಲ್ಲು ನಿಧಾನಗೊಳಿಸುತ್ತಾ ಹೋಗಿ. ಮಲ್ಲಿಗೆಯ ದಳದಲ್ಲಿ ಹೈಲೈಟ್ ಎಚ್ಚರಿಕೆ (ಬೆಳಕು ಅತಿಯಾಗಿದೆ ಎಂದು ತೆರೆಯ ಮೇಲೆ ಕಾಣುವ ಮಿನುಗು) ಮಿನುಗತೊಡಗಿದ ಕೂಡಲೇ ಒಂದು ಹಲ್ಲು ಹಿಂದೆ ಬನ್ನಿ. ಅಲ್ಲಿಗೆ ಆಯಿತು. ಈಗ ಹಿನ್ನೆಲೆಯ ಬಟ್ಟೆ ಬದಲಿಸಿದರೂ ಹೂವಿನ ಮೇಲೆ ಬೀಳುವ ಬೆಳಕು ಅದೇ ಆದ್ದರಿಂದ ಲೆಕ್ಕ ಬದಲಾಗುವುದಿಲ್ಲ. ಕಿಟಕಿಗೆ ಮೋಡ ಕವಿದರೆ ಮಾತ್ರ ಮತ್ತೆ ಅಳೆಯಿರಿ.

ಬಿಳಿಯ ಮೇಲೆ ಬಿಳಿ ಇಟ್ಟಾಗ ಇನ್ನೊಂದು ತೊಡಕು: ದಳದ ಅಂಚು ಹಾಳೆಯಲ್ಲಿ ಕರಗಿಹೋಗುತ್ತದೆ. ಚೌಕಟ್ಟಿನ ಹೊರಗೆ, ಹೂವಿನ ಎರಡೂ ಪಕ್ಕ ಕಪ್ಪು ರಟ್ಟು ನಿಲ್ಲಿಸಿ. ಬಾಗಿದ ದಳದ ಅಂಚು ಆ ಕಪ್ಪನ್ನು ಪ್ರತಿಫಲಿಸಿ ತೆಳುವಾದ ಬೂದು ಗೆರೆಯೊಂದನ್ನು ಪಡೆಯುತ್ತದೆ. ಗಾಜಿನ ಲೋಟದ ಫೋಟೋ ತೆಗೆಯುವವರ ಹಳೆಯ ಉಪಾಯ ಇದು, ಮಲ್ಲಿಗೆಗೂ ಹೊಂದುತ್ತದೆ.

ಕಪ್ಪು ಬಟ್ಟೆ ಬೂದಾಗುವುದಕ್ಕೆ ಮೇಲಿನ ಮೀಟರಿನ ಕಾರಣ ಅರ್ಧ. ಉಳಿದರ್ಧ, ಬಟ್ಟೆ ಹೂವಿಗೆ ಅಂಟಿಕೊಂಡಂತಿದೆ, ಹೂವಿನಷ್ಟೇ ಬೆಳಕು ಅದರ ಮೇಲೂ ಬೀಳುತ್ತಿದೆ. ಅದನ್ನು ಹೂವಿನಿಂದ ಕನಿಷ್ಠ ಮೂರು ಅಡಿ ಹಿಂದೆ, ಕಿಟಕಿಯ ಬೆಳಕು ತಲುಪದ ಮೂಲೆಯಲ್ಲಿ ತೂಗುಹಾಕಿ. ದೀಪವಾದರೆ ಲೆಕ್ಕ ಇನ್ನೂ ಸರಳ: ದೀಪದಿಂದ ಹೂವು 50 ಸೆಂ.ಮೀ., ಬಟ್ಟೆ 150 ಸೆಂ.ಮೀ. ದೂರವಿದ್ದರೆ ಬಟ್ಟೆಗೆ ಸಿಗುವುದು ಹೂವಿನ ಒಂಬತ್ತನೇ ಒಂದು ಪಾಲು ಬೆಳಕು. ದೀಪದ ಮುಂದೆ ದೊಡ್ಡ ಪರದೆ ಇದ್ದರೆ ಈ ಲೆಕ್ಕ ಸ್ವಲ್ಪ ಸಡಿಲವಾಗುತ್ತದೆ, ಆದರೂ ದಿಕ್ಕು ಅದೇ. ಬಟ್ಟೆ ಮಖಮಲ್ ಆಗಿರಲಿ. ಕಪ್ಪು ಡ್ರಾಯಿಂಗ್ ಹಾಳೆ, ಸ್ಯಾಟಿನ್, ಪಾಲಿಯೆಸ್ಟರ್ ಎಲ್ಲವೂ ಹೊಳೆಯುತ್ತವೆ. ಮಖಮಲ್ಲಿನ ನವಿರನ್ನು ಒಂದೇ ದಿಕ್ಕಿಗೆ ಸವರಿ, ಧೂಳನ್ನು ಸೆಲ್ಲೋಟೇಪಿನಿಂದ ಎತ್ತಿಬಿಡಿ.

ಈಗ ಕೇಸರ, ದಳದ ಜಗಳ. ದಾಸವಾಳದ ಕೇಸರದಂಡ ಆರೇಳು ಸೆಂ.ಮೀ. ಮುಂದಕ್ಕೆ ಚಾಚಿರುತ್ತದೆ. ಹೂವು ಚೌಕಟ್ಟು ತುಂಬುವಂತೆ, ಅಂದರೆ ಸುಮಾರು 15 ಸೆಂ.ಮೀ. ಅಗಲ ಕಾಣುವಂತೆ ತೆಗೆದಾಗ, ನಿಮ್ಮ ಕ್ಯಾಮೆರಾದಲ್ಲಿ ಎಫ್ 11ಕ್ಕೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 2 ಸೆಂ.ಮೀ. ಮಾತ್ರ. ಎದುರಿನಿಂದ ತೆಗೆದರೆ ತುದಿ ಮತ್ತು ಬುಡ ಎರಡೂ ಸಿಗುವುದು ಅಸಾಧ್ಯ. ಮ್ಯಾಕ್ರೋ ಲೆನ್ಸ್ ಹಾಕಿದರೂ ಅಷ್ಟೇ! ಅದೇ ಗಾತ್ರಕ್ಕೆ, ಅದೇ ಅಪರ್ಚರಿಗೆ, ಆಳವೂ ಅಷ್ಟೇ ಸಿಗುತ್ತದೆ. ಮ್ಯಾಕ್ರೋ ಎಲ್ಲವನ್ನೂ ಸ್ಪಷ್ಟ ಮಾಡುತ್ತದೆ ಎಂಬುದು ಶುದ್ಧ ತಪ್ಪು ಕಲ್ಪನೆ. ಇನ್ನೂ ಹತ್ತಿರ ಹೋಗಲು ಬಿಡುತ್ತದೆ, ಹೋದಷ್ಟೂ ಆಳ ಇನ್ನೂ ಕಡಿಮೆಯಾಗುತ್ತದೆ.

ಎಫ್ 22ಕ್ಕೆ ಇಳಿಸಿದರೆ ಎಂದು ಕೇಳಬಹುದು. ಆಳ ಹೆಚ್ಚುತ್ತದೆ, ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ಬೆಳಕು ಹರಡಿಕೊಂಡು ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಿಮ್ಮ ಸೆನ್ಸರಿಗೆ ಎಫ್ 11 ಹಿತವಾದ ಮಿತಿ, ಅನಿವಾರ್ಯವಾದರೆ ಎಫ್ 16.

ಹಾಗಾದರೆ ದಾರಿ ಎರಡು. ಒಂದು, ಹೂವನ್ನು ತಿರುಗಿಸುವುದು. ಕೇಸರದಂಡ ಕ್ಯಾಮೆರಾದತ್ತ ಚಾಚದೆ, ಪಕ್ಕಕ್ಕೆ ಮಲಗಿದಂತೆ ಕಾಣುವ ಕೋನ ಹುಡುಕಿ. ಆಗ ದಂಡ ಮತ್ತು ದಳದ ಅಂಚು ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತವೆ, 2 ಸೆಂ.ಮೀ. ಧಾರಾಳ. ನನ್ನ ಮಟ್ಟಿಗೆ ದಾಸವಾಳ ಚೆಲುವಾಗಿ ಕಾಣುವುದೂ ಪಕ್ಕದಿಂದಲೇ. ಎರಡನೆಯದು ಫೋಕಸ್ ಸ್ಟ್ಯಾಕಿಂಗ್: ಫೋಕಸನ್ನು ಕೇಸರದ ತುದಿಯಿಂದ ಬುಡದವರೆಗೆ ಹಂತಹಂತವಾಗಿ ಸರಿಸುತ್ತಾ ಹಲವು ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವುದು. ಎಫ್ 8ರಲ್ಲಿ ಆಳ ಒಂದೂವರೆ ಸೆಂ.ಮೀ. ಇರುವುದರಿಂದ ಒಂದೊಂದು ಸೆಂ.ಮೀ.ಗೆ ಒಂದರಂತೆ ಏಳೆಂಟು ಫೋಟೋ ಸಾಕು. ನಿಮ್ಮ ಕ್ಯಾಮೆರಾದ ಮೆನುವಿನಲ್ಲಿ ಫೋಕಸ್ ಬ್ರ್ಯಾಕೆಟಿಂಗ್ ಇದ್ದರೆ ಫೋಕಸನ್ನು ಅದೇ ಸರಿಸುತ್ತದೆ, ಇಲ್ಲದಿದ್ದರೆ ಮ್ಯಾನ್ಯುಯಲ್ ಫೋಕಸ್ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋಗಿ. ಜೋಡಿಸುವ ತಂತ್ರಾಂಶಗಳಲ್ಲಿ ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ದುಡ್ಡಿನವು. ಹ್ಯೂಜಿನ್ ಎಂಬ ತಂತ್ರಾಂಶದ ಜೊತೆ ಬರುವ ಸಾಧನಗಳು ಉಚಿತ, ಕಲಿಯಲು ತುಸು ತಾಳ್ಮೆ ಬೇಕು. ಇಲ್ಲಿ ಕೆಡುವುದು ಎರಡು ಕಡೆ. ಮುಂದಿನ ದಳ ಹಿಂದಿನದರ ಮೇಲೆ ಹಾಯ್ದಲ್ಲೆಲ್ಲ ಅಂಚಿಗೆ ಮಂಜಿನಂಥ ಸುತ್ತು ಬರುತ್ತದೆ, ಕೈಯಾರೆ ತಿದ್ದಬೇಕು. ಮತ್ತೆ ಹೂವು ಫೋಟೋಗಳ ನಡುವೆ ಅಲುಗಿದರೆ ಜೋಡಣೆ ಹಳ್ಳ ಹಿಡಿದಂತೆಯೇ.

ಅಲುಗುವುದಕ್ಕೆ ಮೊದಲ ಆರೋಪಿ ಸೀಲಿಂಗ್ ಫ್ಯಾನು. ಅದನ್ನು ಆರಿಸಿ, ಒಂದು ನಿಮಿಷ ಬಿಟ್ಟು ಶುರುಮಾಡಿ. ಕಿಟಕಿಯ ಬೆಳಕಿನಲ್ಲಿ ಐಎಸ್ಒ 100, ಎಫ್ 11ಕ್ಕೆ ಶಟರು ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೂ ಹೋಗಬಹುದು, ಹಾಗಾಗಿ 2 ಸೆಕೆಂಡಿನ ಸೆಲ್ಫ್ ಟೈಮರ್ ಹಾಕಿ, ಬಟನ್ ಒತ್ತಿ ಕೈ ತೆಗೆಯಿರಿ. ಹೂವನ್ನು ಹಿಡಿದು ನಿಲ್ಲಿಸಲು ಬಾಳೆದಿಂಡಿನ ತುಂಡಿಗಿಂತ ಒಳ್ಳೆಯದು ಬೇರೆ ಇಲ್ಲ. ತೊಟ್ಟು ಚುಚ್ಚಿದ ಕೋನದಲ್ಲೇ ನಿಲ್ಲುತ್ತದೆ, ತೇವವೂ ಸಿಗುತ್ತದೆ.

ಇನ್ನು ಕೊಳ್ಳುವ ಮಾತು. ದಾಸವಾಳ, ಗುಲಾಬಿ, ಸೇವಂತಿಗೆ, ಡೇರೆಗೆ ನಿಮ್ಮ 18-55 ಸಾಕು, ಒಂದು ರೂಪಾಯಿಯೂ ಖರ್ಚು ಮಾಡಬೇಡಿ. ಪ್ರಶ್ನೆ ಬರುವುದು ಮಲ್ಲಿಗೆ, ಕನಕಾಂಬರ, ತುಂಬೆಯಂಥ ಪುಟ್ಟ ಹೂಗಳಿಗೆ. ಇಂಥ ಲೆನ್ಸುಗಳು ಸಾಮಾನ್ಯವಾಗಿ ಕಾಲುಪಟ್ಟು ಗಾತ್ರದವರೆಗೆ (ಸೆನ್ಸರಿನ ಮೇಲೆ ಬೀಳುವ ಬಿಂಬ ವಸ್ತುವಿನ ಕಾಲುಭಾಗ) ಹತ್ತಿರ ಹೋಗುತ್ತವೆ, ಅಂದರೆ ಚೌಕಟ್ಟಿನ ಅಗಲ 9 ಸೆಂ.ಮೀ.ನಷ್ಟು. ಎರಡೂವರೆ ಸೆಂ.ಮೀ. ಮಲ್ಲಿಗೆ ಅದರಲ್ಲಿ ಸುಮಾರು 1,600 ಪಿಕ್ಸೆಲ್ ಅಗಲ ಸಿಗುತ್ತದೆ. ಮೊಬೈಲಿನಲ್ಲಿ ನೋಡಲು, ಐದು ಇಂಚಿನ ಪ್ರಿಂಟಿಗೆ, ಕತ್ತರಿಸಿಕೊಂಡರೆ ಸಾಕಷ್ಟಾಯಿತು. ಗೋಡೆಗೆ ಹಾಕುವ ದೊಡ್ಡ ಚಿತ್ರ ಬೇಕೆಂದರೆ ಮಾತ್ರ ಮುಂದೆ ಓದಿ.

ಪೆಟ್ಟಿಗೆಯಲ್ಲಿರುವ 55-250 ಅನ್ನು ಹೊರಗೆ ತೆಗೆಯಿರಿ. ಅದರ ಮುಂದೆ ತಿರುಗಿಸಿ ಹಾಕುವ, ಎರಡು ಗಾಜಿನ, ಪ್ಲಸ್ 2 ಶಕ್ತಿಯ ಕ್ಲೋಸ್-ಅಪ್ ಲೆನ್ಸ್ ಸಿಕ್ಕರೆ 250ರಲ್ಲಿ ಅರ್ಧಪಟ್ಟು ಗಾತ್ರ ಸಿಗುತ್ತದೆ. ಮಲ್ಲಿಗೆ ಅರ್ಧ ಚೌಕಟ್ಟು ತುಂಬುತ್ತದೆ. ಹೂವಿಗೂ ಲೆನ್ಸಿಗೂ ನಡುವೆ ಸುಮಾರು 50 ಸೆಂ.ಮೀ. ಜಾಗ ಉಳಿಯುತ್ತದೆ, ಥರ್ಮಾಕೋಲ್, ಪರದೆ ಆಡಿಸಲು ಆರಾಮ. ಕೊಳ್ಳುವಾಗ ನಿಮ್ಮ ಲೆನ್ಸಿನ ಮುಂಬದಿಯ ಫಿಲ್ಟರ್ ಅಳತೆ ನೋಡಿಕೊಳ್ಳಿ. ನಾಲ್ಕು ಫಿಲ್ಟರುಗಳ ಅಗ್ಗದ ಸೆಟ್ ಬೇಡ. ಅವು ಒಂದೇ ಗಾಜಿನವು, ಬಿಳಿ ಹೂವಿನ ಅಂಚಿಗೆ ನೇರಳೆ ಗೆರೆ ಎಳೆಯುತ್ತವೆ. ಅರ್ಧಪಟ್ಟಿನಲ್ಲಿ ಎಫ್ 11ಕ್ಕೂ ಆಳ ಎರಡೂವರೆ ಮಿ.ಮೀ. ಅಷ್ಟೇ ಎಂಬುದು ನೆನಪಿರಲಿ, ಸ್ಟ್ಯಾಕಿಂಗ್ ಇಲ್ಲಿ ನಿಜಕ್ಕೂ ಬೇಕಾಗುತ್ತದೆ.

ಇನ್ನೊಂದು ದಾರಿ, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಹಾಕುವ ಎಕ್ಸ್‌ಟೆನ್ಶನ್ ಟ್ಯೂಬ್. ಅದರಲ್ಲಿ ಗಾಜಿಲ್ಲ, ಕೆಡುವುದೇನೂ ಇಲ್ಲ. 55ರಲ್ಲಿ 16 ಮಿ.ಮೀ. ಟ್ಯೂಬ್ ಹಾಕಿದರೆ ಸುಮಾರು 0.3 ಪಟ್ಟು ಸೇರುತ್ತದೆ, ಆದರೆ ಹೂವು ಲೆನ್ಸಿನ ಮೂಗಿಗೇ ಬರುತ್ತದೆ, ಲೆನ್ಸಿನ ನೆರಳು ಹೂವಿನ ಮೇಲೆ ಬೀಳುತ್ತದೆ. ವಿದ್ಯುತ್ ಸಂಪರ್ಕದ ಪಿನ್ನುಗಳಿಲ್ಲದ ಅಗ್ಗದ ಟ್ಯೂಬ್ ಕೊಂಡರೆ ಅಪರ್ಚರ್ ಬದಲಿಸಲೂ ಬರುವುದಿಲ್ಲ. ಹಳೆಯ ಮ್ಯಾಕ್ರೋ ಲೆನ್ಸ್ ಸೆಕೆಂಡ್‌ಹ್ಯಾಂಡ್ ಸಿಕ್ಕರೆ ಅದೂ ಒಳ್ಳೆಯ ಆಯ್ಕೆಯೇ. ಕೊಳ್ಳುವ ಮೊದಲು ಹಿಂದಿನಿಂದ ಟಾರ್ಚ್ ಬಿಟ್ಟು ಒಳಗೆ ಜೇಡರ ಬಲೆಯಂಥ ಬೂಷ್ಟು ಇದೆಯೇ ನೋಡಿ. ಕರಾವಳಿ, ಮಲೆನಾಡಿನಲ್ಲಿದ್ದ ಲೆನ್ಸಾದರೆ ಎರಡು ಸಲ ನೋಡಿ.

ನಿಜಕ್ಕೂ ಕೊಳ್ಳಲೇಬೇಕಾದ ವಸ್ತು ಒಂದಿದ್ದರೆ ಅದು ಒಳ್ಳೆಯ ದೀಪ, ಮತ್ತು ಒಂದೇ ದೀಪ. ಕಿಟಕಿಯನ್ನು ಅಷ್ಟು ಹೊಗಳಿ ಈ ಮಾತು ಯಾಕೆಂದರೆ, ನಮ್ಮ ಪ್ರೀತಿಯ ಹೂಗಳು ಹಗಲನ್ನು ಲೆಕ್ಕಿಸುವುದಿಲ್ಲ. ಮಲ್ಲಿಗೆ ಮೊಗ್ಗು ಬಿರಿಯುವುದು ಸಂಜೆಯಿಂದ ರಾತ್ರಿಗೆ, ಬ್ರಹ್ಮಕಮಲ ಮತ್ತು ಪಾರಿಜಾತ ಅರಳುವುದು ರಾತ್ರಿಯೇ. ಬೆಳಗಿನ ಕಿಟಕಿಗೆ ಕಾದರೆ ಬ್ರಹ್ಮಕಮಲ ಜೋತುಬಿದ್ದಿರುತ್ತದೆ. ದೀಪದ ಪೆಟ್ಟಿಗೆಯ ಮೇಲೆ ಸಿಆರ್‌ಐ (ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ) 95 ಅಥವಾ ಹೆಚ್ಚು ಎಂದಿರಬೇಕು, ಆರ್9 ಎಂಬ ಅಂಕಿಯನ್ನೂ ಕೊಟ್ಟಿದ್ದರೆ ಅದು 90ರ ಆಸುಪಾಸಿನಲ್ಲಿರಲಿ. ಆರ್9 ಕಡುಗೆಂಪನ್ನು ದೀಪ ಎಷ್ಟು ಸರಿಯಾಗಿ ತೋರಿಸುತ್ತದೆ ಎಂಬುದರ ಅಳತೆ. ಮನೆಯ ಸಾಧಾರಣ ಎಲ್‌ಇಡಿ ಬಲ್ಬಿನಲ್ಲಿ ಅದು ತೀರಾ ಕಡಿಮೆ, ದಾಸವಾಳ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ದೀಪದ ಮುಂದೆ ಎರಡಡಿ ಚೌಕದ ಟ್ರೇಸಿಂಗ್ ಪೇಪರ್ ಪರದೆ ಕಟ್ಟಿ, ದೀಪವನ್ನು ಅದಕ್ಕೆ ತಾಗಿಸದೆ ಎರಡಡಿ ಹಿಂದಿಡಿ. ಪರದೆ ತುಂಬ ಬೆಳಕು ಹರಡಿದರೇ ಅದು ಕಿಟಕಿಯಂತೆ ವರ್ತಿಸುವುದು. ಹ್ಯಾಲೊಜೆನ್ ದೀಪದ ಮುಂದೆ ಕಾಗದ ಬೇಡವೇ ಬೇಡ, ಹೊತ್ತಿಕೊಳ್ಳುತ್ತದೆ. ಫೋಟೋದಲ್ಲಿ ಅಡ್ಡ ಪಟ್ಟೆಗಳು ಕಂಡರೆ ಅದು ದೀಪದ ಮಿಣುಕು. ಶಟರನ್ನು 1/50 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇಡಿ, ಸೈಲೆಂಟ್ ಶಟರ್ ಬಂದ್ ಮಾಡಿ.

ಹೂಗಳ ಬಗ್ಗೆ ಒಂದೆರಡು ಮಾತು. ದಾಸವಾಳವನ್ನು ಬೆಳಿಗ್ಗೆ ಅರಳಿದೊಡನೆ ಕೊಯ್ಯಿರಿ. ಒಂದೇ ದಿನದ ಹೂವು, ಸಂಜೆಗೆ ಮುದುಡುತ್ತದೆ, ನೀರಿಗಿಟ್ಟರೂ ಆಯುಷ್ಯ ಬೆಳೆಯುವುದಿಲ್ಲ. ಗುಲಾಬಿಯ ತೊಟ್ಟನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ, ಗಾಳಿಯ ಗುಳ್ಳೆ ಒಳಸೇರಿದರೆ ತಲೆ ಬಾಗಿಸುತ್ತದೆ. ಮಲ್ಲಿಗೆಯನ್ನು ಅಂದು ಸಂಜೆ ಬಿರಿಯಲಿರುವ ಬಲಿತ ಮೊಗ್ಗಾಗಿಯೇ ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಕೈ ತಾಗಿದಲ್ಲೆಲ್ಲ ಅದು ಕಂದು ಕಲೆ ಬಿಡುತ್ತದೆ, ಸಂಪಿಗೆಯಂತೂ ಇನ್ನೂ ಬೇಗ. ಎರಡನ್ನೂ ತೊಟ್ಟಿನಿಂದ ಮಾತ್ರ, ಚಿಮುಟದಲ್ಲಿ ಎತ್ತಿ. ಹನಿ ಬೇಕಿದ್ದರೆ ಮೆಡಿಕಲ್ ಶಾಪಿನ ಗ್ಲಿಸರಿನ್‌ಗೆ ಅಷ್ಟೇ ನೀರು ಬೆರೆಸಿ, ಸೂಜಿಯ ಸಿರಿಂಜಿನಲ್ಲಿ ಒಂದೊಂದೇ ಹನಿ ಇಡಿ. ಬರೀ ನೀರಿನಂತೆ ಅದು ದೀಪದ ಶಾಖಕ್ಕೆ ಬೇಗ ಆರುವುದಿಲ್ಲ. ಆ ಹೂವನ್ನು ಆಮೇಲೆ ದೇವರಿಗೆ ಏರಿಸುವ ಯೋಚನೆಯಿದ್ದರೆ ಮಾತ್ರ ಗ್ಲಿಸರಿನ್ ತಾಗದ ಇನ್ನೊಂದನ್ನು ಎತ್ತಿಟ್ಟಿರಿ.